ನೀರು ಹರಿಯದ ಕಂಬ

"ಇದು ಕಳಚಿ ಬಿದ್ದಿದ್ದಲ್ಲ ಮೇಡಂ. ಯಾರೋ ಕುಯ್ದಿರೋದು."

ಕಮ್ಮಾರ ಅಂಗೈಯಲ್ಲಿದ್ದ ರಿವೆಟ್ಟಿನ ತಲೆಯನ್ನು ಮಗುಚಿ ತೋರಿಸಿದ. ಕೋಟಿನ ಗುಂಡಿಯಷ್ಟು ಅಗಲದ ಕಬ್ಬಿಣ. ಮೇಲುಗಡೆ ಉಬ್ಬು, ಅಡಿಯಲ್ಲಿ ಬೂದು ಬಣ್ಣದ ಪುಟ್ಟಿ. ಆ ಪುಟ್ಟಿಯನ್ನು ಹೆಬ್ಬೆರಳ ಉಗುರಿನಿಂದ ಕೆರೆದ. ಒಳಗಿನಿಂದ ಹೊಳೆಯುವ ಲೋಹ ಕಾಣಿಸಿತು.

"ಕಳಚಿದ್ರೆ ಬುಡ ಇಟ್ಟಿಗೆ ಮುರಿದ ಹಾಗೆ ಒರಟಾಗಿರುತ್ತೆ. ಇದು ನೋಡಿ, ಕನ್ನಡಿ ಇದ್ದ ಹಾಗಿದೆ. ಸಣ್ಣ ಸಣ್ಣ ಗೆರೆ ಕಾಣ್ತಾ ಇದೆಯಲ್ಲ? ಅದು ಗರಗಸದ ಹಲ್ಲಿನ ಗುರುತು."

ಐದು ದಿನದ ಹಿಂದೆ ಬೆಳಿಗ್ಗೆ ಇದೇ ಗ್ಯಾಲರಿಯ ರೇಲಿಂಗು ಕಿತ್ತುಬಂದು, ಈ ಹಳೇ ಮಾರುಕಟ್ಟೆಯನ್ನು ದುರಸ್ತಿ ಮಾಡಿಸುತ್ತಿದ್ದ ಎಂಜಿನಿಯರಮ್ಮ ಹದಿನೈದು ಅಡಿ ಕೆಳಗೆ ಬಿದ್ದಿದ್ದರು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಊರಿಗೆ ಊರೇ ರೇಲಿಂಗು ಕೂರಿಸಿದ ಕಮ್ಮಾರನನ್ನು ಬೈಯುತ್ತಿತ್ತು.

ಇನ್‌ಸ್ಪೆಕ್ಟರ್ ಆ ಕಬ್ಬಿಣದ ಚೂರನ್ನು ಬೆಳಕಿಗೆ ಹಿಡಿದಳು. ಠಾಣೆಯಲ್ಲಿ ಅವಳಿಗೆ 'ಸಾಣೆ' ಅಂತ ಅಡ್ಡಹೆಸರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಬೆನ್ನ ಹಿಂದೆ ಅಂದರೆ ಅವಳಿಗೆ ಬೇಸರವೂ ಇರಲಿಲ್ಲ.

"ಇದು ನಿಮ್ಮದೇ ರಿವೆಟ್ಟು ಅಂತ ಹೇಗೆ ಹೇಳ್ತೀರಿ?"

"ನನ್ನ ಮಕ್ಕಳನ್ನ ನಾನು ಗುರುತು ಹಿಡಿಯಲ್ವಾ? ಈ ಗ್ಯಾಲರಿಗೆ ಸಾವಿರದ ಇನ್ನೂರು ರಿವೆಟ್ಟು ಹೊಡೆದಿದ್ದೀನಿ. ಎಲ್ಲಾ ಕೆಂಪಗೆ ಕಾಯಿಸಿ, ಕೈಯಲ್ಲೇ. ಒಂದೊಂದಕ್ಕೂ ಹನ್ನೊಂದು ಪೆಟ್ಟು. ಕೊನೇ ಪೆಟ್ಟು ಒಂಚೂರು ಓರೆ ಬೀಳುತ್ತೆ, ಅದು ನಮ್ಮಪ್ಪನ ಅಭ್ಯಾಸ, ನನಗೂ ಅಂಟಿದೆ. ಬೆರಳಾಡಿಸಿ ನೋಡಿ."

ಅವಳು ಬೆರಳಾಡಿಸಿದಳು. ಉಬ್ಬಿನ ಒಂದು ಮಗ್ಗುಲಲ್ಲಿ ಸಣ್ಣ ಚಪ್ಪಟೆ ಸಿಕ್ಕಿತು. ಪಕ್ಕದ ರೇಲಿಂಗಿನ ರಿವೆಟ್ಟುಗಳ ಮೇಲೂ ಆಡಿಸಿದಳು. ಎಲ್ಲದರಲ್ಲೂ ಅದೇ ಚಪ್ಪಟೆ, ಅದೇ ಮಗ್ಗುಲಲ್ಲಿ.

"ಮೆಷಿನ್ನಲ್ಲಿ ಕುಯ್ದಿದ್ದಾ?"

"ಅಲ್ಲ. ಮೆಷಿನ್ ಆಗಿದ್ರೆ ಅಂಚು ಕಾದು ನೀಲಿ ಬಣ್ಣ ಬರ್ತಿತ್ತು. ಇದು ಕೈಗರಗಸ. ಒಂದೊಂದು ರಿವೆಟ್ಟಿಗೂ ಇಪ್ಪತ್ತು ನಿಮಿಷ ಹಿಡಿಯುತ್ತೆ. ನಾಲ್ಕು ಕುಯ್ಯೋದು ಅಂದ್ರೆ ರಟ್ಟೆ ಗಟ್ಟಿ ಇರ್ಬೇಕು, ತಾಳ್ಮೇನೂ ಇರ್ಬೇಕು."

"ಆಮೇಲೆ ಪುಟ್ಟಿ."

"ಆಮೇಲೆ ಪುಟ್ಟಿ. ಕುಯ್ದ ತಲೆಗಳನ್ನ ಎಸೆದಿಲ್ಲ. ಪುಟ್ಟಿ ಹಚ್ಚಿ ವಾಪಸ್ ಅಂಟಿಸಿ, ಮೇಲೆ ಬಣ್ಣ ಬಳಿದಿದ್ದಾರೆ. ನೋಡೋಕೆ ಗಟ್ಟಿ. ಕೈ ಊರಿದ್ರೆ ಗಾಳಿ." ಅವನು ರೇಲಿಂಗು ಕಿತ್ತುಹೋದ ಜಾಗದ ಕಡೆ ನೋಡಿದ. "ಐದು ದಿನ ಆಯ್ತು ಮೇಡಂ, ಅಂಗಡಿ ಬಾಗಿಲು ತೆಗೆದಿಲ್ಲ. ಕಮ್ಮಾರನ ಕೆಲಸ ಕಳಚಿಕೊಳ್ತು ಅಂತ ಆದ್ಮೇಲೆ ಯಾರಿಗೆ ಮುಖ ತೋರಿಸ್ಲಿ?"

"ನಿಮ್ಮ ಕೆಲಸ ಕಳಚಿಕೊಂಡಿಲ್ಲ. ಹಾಗಂತ ನಾನೇ ಬರೆದು ಸಹಿ ಹಾಕ್ತೀನಿ. ಇವತ್ತೇ."

ಕಮ್ಮಾರ ಮುಖ ಆಚೆ ತಿರುಗಿಸಿದ. ಹೆಗಲ ಮೇಲಿನ ಬಟ್ಟೆಯಿಂದ ಕಣ್ಣು ಒರೆಸಿಕೊಂಡ.

"ಹೊಗೆ," ಅಂದ.

ಸುತ್ತ ಎಲ್ಲೂ ಕುಲುಮೆ ಇರಲಿಲ್ಲ. ಅವಳು ಅದನ್ನು ಎತ್ತಿ ಆಡಲಿಲ್ಲ.

ಗ್ಯಾಲರಿಯಿಂದ ಬಗ್ಗಿದರೆ ಇಡೀ ಕಟ್ಟಡ ಕಾಣುತ್ತಿತ್ತು. ಎರಕ ಹೊಯ್ದ ನಲವತ್ತೆಂಟು ಕಬ್ಬಿಣದ ಕಂಬಗಳು, ಆರು ಸಾಲು, ಸಾಲಿಗೆ ಎಂಟು. ಕಂಬದ ತುದಿಗಳಿಂದ ಕಮಾನುಗಳು ಎದ್ದು ಒಂದನ್ನೊಂದು ಹಿಡಿದುಕೊಂಡಿದ್ದವು. ಅವುಗಳ ಮೇಲೆ ಗಾಜಿನ ಮಾಡು. ಮಾಡಿನ ನೆತ್ತಿಯಲ್ಲಿ, ಒಳಗಿನ ಸೆಕೆ ಆಚೆ ಹೋಗಲೆಂದು ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳು. ನೂರ ಮೂವತ್ತು ವರ್ಷ ಇಲ್ಲಿ ತರಕಾರಿ, ಹಣ್ಣು, ಮೀನು, ಮಾಂಸ ಮಾರಾಟ ಆಗಿತ್ತು. ಇನ್ನು ನಾಲ್ಕು ದಿನಕ್ಕೆ ಇದು ಊರಿನ ಗ್ರಂಥಾಲಯ.

ಎಂಜಿನಿಯರಮ್ಮ ಎಂಟು ವರ್ಷ ಇದರ ಹಿಂದೆ ಬಿದ್ದಿದ್ದರು. ಹಳೆಯದರ ಮೈಗೆ ಒಂದು ಮೊಳೆಯನ್ನೂ ಹೊಡೆಯಕೂಡದು, ಹೊಸದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅನ್ನುವುದು ಅವರ ಹಟ. ಹಾಗಾಗಿ ಪುಸ್ತಕದ ಕಪಾಟು, ಗಾಜಿನ ಕೋಣೆ, ಲಿಫ್ಟು ಎಲ್ಲ ಕಂಬಗಳಿಂದ ಒಂದು ಗೇಣು ದೂರ, ಹಿರಿಯರ ಮುಂದೆ ನಿಂತ ಹಾಗೆ ಅದಬಿನಲ್ಲಿ ನಿಂತಿದ್ದವು. ಅಂಗಡಿಗಳ ಕಲ್ಲುಚಪ್ಪಡಿಗಳು ಓದುವ ಮೇಜುಗಳಾಗಿದ್ದವು. ಅಂಚಿನಲ್ಲಿ ಅಂಗಡಿಯ ಸಂಖ್ಯೆ ಹಾಗೇ ಉಳಿದಿತ್ತು. ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳಲ್ಲಿ ದೀಪಗಳು ತೂಗುತ್ತಿದ್ದವು. ಮೀನಿಗೆ ಮಂಜುಗಡ್ಡೆ ತುಂಬಿಡುತ್ತಿದ್ದ ನೆಲಮಾಳಿಗೆಯಲ್ಲಿ ಈಗ ಹಳೆಯ ಹಸ್ತಪ್ರತಿಗಳಿಗೆ ಜಾಗ.

ಮಕ್ಕಳ ವಿಭಾಗದ ಮೂಲೆಯ ಮೇಲೆ ಅವಳ ಕಣ್ಣು ನಿಂತಿತು. ಅಲ್ಲೇ, ಈರುಳ್ಳಿ ಮೂಟೆಗಳ ಮೇಲೆ ಕೂತು ಅವಳು ಮಗ್ಗಿ ಬಾಯಿಪಾಠ ಮಾಡಿದ್ದು. ಅಪ್ಪ ಮೂಟೆ ಇಳಿಸಿ ಬರುವಾಗೊಮ್ಮೆ, "ಹದಿಮೂರ್ ಏಳ್ಲಿ?" ಅಂತ ಕೇಳಿ ಹೋಗುತ್ತಿದ್ದ. ಉತ್ತರ ಸರಿಯೋ ತಪ್ಪೋ ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ತಡವರಿಸದೆ ಹೇಳಿದರೆ ಸರಿ ಅಂತ ಅವನ ಲೆಕ್ಕ.

ಆ ಅಪ್ಪ ಈಗ ಕೆಳಗೆ ಕಂಬಗಳ ನಡುವೆ ಕೈ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಎಪ್ಪತ್ತೆರಡು ವರ್ಷ. ಮೂವತ್ತೈದು ವರ್ಷ ಈ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನು. ಉದ್ಘಾಟನೆಯ ದಿನ ಬಾಗಿಲು ತೆಗೆಯಬೇಕಾದ್ದು ಮಂತ್ರಿಯಲ್ಲ, ಇಲ್ಲಿ ಮೂಟೆ ಹೊತ್ತ ಹಿರಿಯ ಅಂತ ಎಂಜಿನಿಯರಮ್ಮ ಹಟ ಹಿಡಿದು ಅವನನ್ನೇ ಆರಿಸಿದ್ದರು.

ಅವಳ ಫೋನು ಬಡಿದುಕೊಂಡಿತು. ಗ್ರಂಥಾಲಯ ಯೋಜನೆಯ ಅಧಿಕಾರಿ.

"ಇನ್‌ಸ್ಪೆಕ್ಟರೇ, ಎಷ್ಟು ದಿನ ಎಳೀತೀರಿ? ಆಕಸ್ಮಿಕ ಅಂತ ಬರೆದು ಮುಗಿಸಿ. ಆಮಂತ್ರಣ ಪತ್ರಿಕೆ ಹಂಚಿ ಆಗಿದೆ."

"ಆಕಸ್ಮಿಕವಾಗಿ ಯಾರೂ ನಾಲ್ಕು ರಿವೆಟ್ಟು ಕುಯ್ಯಲ್ಲ ಸರ್."

ಆ ಕಡೆಯಿಂದ "ಕುಯ್ದಿದ್ದಾರಾ?" ಅಂತ ಮೆಲ್ಲಗಿನ ದನಿ ಬಂತು. ಅವಳು ಉತ್ತರ ಕೊಡದೆ ಫೋನಿಟ್ಟು ಮೆಟ್ಟಿಲಿಳಿದಳು. ಕಮ್ಮಾರ ಹಿಂದೆಯೇ ಬಂದ.

ಕೆಳಗೆ, ಎಂಜಿನಿಯರಮ್ಮ ಬಿದ್ದ ಜಾಗದಲ್ಲಿ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳು ಇನ್ನೂ ಜಜ್ಜಿಹೋಗಿ ಬಿದ್ದಿದ್ದವು. ಅವು ಅಲ್ಲಿಲ್ಲದಿದ್ದರೆ ಅವರು ಆಸ್ಪತ್ರೆಯವರೆಗೆ ಹೋಗುತ್ತಲೇ ಇರಲಿಲ್ಲ ಅಂತ ಡಾಕ್ಟರು ಹೇಳಿದ್ದರು.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಎಂಜಿನಿಯರಮ್ಮನನ್ನು ಒಳಗೆ ತಂದಾಗ ಕತ್ತಿನಲ್ಲಿ ಸ್ಟೆತಾಸ್ಕೋಪು ಇತ್ತು. ಆಸ್ಪತ್ರೆಯವರು ಅದು ತಮ್ಮದೇ ಅಂದುಕೊಂಡು ಎರಡು ದಿನ ಬಳಸಿಯೂ ಇದ್ದರು.

ಕಟ್ಟಡ ಕಟ್ಟುವವರಿಗೆ ಸ್ಟೆತಾಸ್ಕೋಪು ಯಾಕೆ? ಮೂರು ದಿನದಿಂದ ಈ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ಎಂಜಿನಿಯರಮ್ಮನ ಮನೆಯವರಿಗೂ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ಮನೆಯಿಂದ ಹೊರಡುವಾಗ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಚೀಲ ನೋಡಿ ಅಪ್ಪ ಸಲೀಸಾಗಿ ಅಂದಿದ್ದ:

"ಅದು ಕಂಬದ ನೀರು ಕೇಳೋಕೆ. ನಾವು ಕಿವಿ ಇಡ್ತಿದ್ವಿ. ಅವರು ಓದಿದವರು, ನಳಿಗೆ ಇಡ್ತಾರೆ."

ಹಾಗಾಗಿಯೇ ಅವಳು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದು.

"ಈಗ ಹೇಳಪ್ಪ," ಅಂದಳು. "ಕಂಬದಲ್ಲಿ ನೀರು ಎಲ್ಲಿಂದ ಬರುತ್ತೆ?"

"ಮಾಡಿನಿಂದ." ಅಪ್ಪ ಹತ್ತಿರದ ಕಂಬದ ಮೇಲೆ ಕೈಯಿಟ್ಟ. ಎತ್ತಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದ. "ಇವು ಬರೀ ಕಂಬ ಅಂದ್ಕೊಂಡಿದ್ದೀಯಾ? ಒಳಗೆ ಪೊಳ್ಳು. ಮಳೆ ನೀರೆಲ್ಲ ಮಾಡಿನ ದೋಣಿಗೆ ಬಿದ್ದು, ಅಲ್ಲಿಂದ ಕಂಬದೊಳಗೆ ಇಳಿದು, ಈ ನೆಲದಡಿ ದೊಡ್ಡ ತೊಟ್ಟಿ ಇದೆ, ಅಲ್ಲಿಗೆ ಹೋಗುತ್ತೆ. ಅದೇ ನೀರಲ್ಲಿ ಸಂಜೆ ನಾವು ನೆಲ ತೊಳೀತಿದ್ವಿ. ಹೊರಗೆ ಒಂದು ಕೊಳವೆ ಕಾಣಲ್ಲ, ಒಂದು ತೊಟ್ಟು ನೀರು ದಂಡ ಆಗಲ್ಲ. ಕಟ್ಟಿದವನು ಎಂಥಾ ತಲೆ ಇದ್ದವನು ನೋಡು!"

ತಾನೇ ಕಟ್ಟಿಸಿದ ಹಾಗೆ ಅವನ ಎದೆ ಉಬ್ಬಿತ್ತು.

"ಮಳೆ ಬಂದಾಗ ಕಂಬ ತಣ್ಣಗಾಗುತ್ತೆ. ಮೂಟೆ ಇಳಿಸಿ ಬಂದು ಬೆನ್ನು ಕೊಟ್ಟು ನಿಂತ್ರೆ ಆಹಾ, ಒಳಗೆ ಗುಳುಗುಳು ಅಂತ ಸದ್ದು. ಅದನ್ನ ಎಂಜಿನಿಯರಮ್ಮನಿಗೆ ಹೇಳಿದ್ದೂ ನಾನೇ."

"ಎಲ್ಲಾ ಕಂಬದಲ್ಲೂ ಹರಿಯುತ್ತಾ?"

"ನಲವತ್ತೆಂಟರಲ್ಲೂ. ಹರಿಯಬೇಕು," ಅಂದ ಅಪ್ಪ. ಯಾಕೋ ಮುಖ ಅವಳ ಕಡೆ ತಿರುಗಿಸಲಿಲ್ಲ.

ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಅವಳು ಅಗ್ನಿಶಾಮಕ ಠಾಣೆಗೆ ಫೋನು ಮಾಡಿದಳು.

ಅರ್ಧ ಗಂಟೆಯಲ್ಲಿ ಕೆಂಪು ಗಾಡಿ ಬಂತು. "ಬೆಂಕಿ ಎಲ್ಲಿ ಮೇಡಂ?" ಅಂತ ಕೇಳಿದವನಿಗೆ, "ಬೆಂಕಿ ಇಲ್ಲ, ಮಳೆ ಬೇಕು," ಅಂದಳು. ಅವನು ಒಂದು ಕ್ಷಣ ಅವಳ ಹೆಗಲ ಮೇಲಿನ ನಕ್ಷತ್ರಗಳನ್ನು ನೋಡಿ, ಬಾಯಿ ಮುಚ್ಚಿಕೊಂಡು ಏಣಿ ಏರಿದ.

ಗಾಜಿನ ಮಾಡಿನ ಮೇಲೆ ನೀರು ಬಿದ್ದಾಗ ಒಳಗೆಲ್ಲ ಬೆಳಕು ಅಲುಗಾಡಿತು. ಮೊದಲು ಮೇಲೆಲ್ಲೋ ಸರಸರ ಸದ್ದು. ಆಮೇಲೆ ಒಂದೊಂದೇ ಕಂಬ ಮಾತಾಡತೊಡಗಿತು.

ಅಪ್ಪ ಮೊದಲ ಕಂಬಕ್ಕೆ ಕಿವಿ ಇಟ್ಟ. ತಲೆಯಾಡಿಸಿದ. ಎರಡನೆಯದು. ಮೂರನೆಯದು. ಅವಳು ಸ್ಟೆತಾಸ್ಕೋಪು ಕಿವಿಗೆ ಸಿಕ್ಕಿಸಿಕೊಂಡು ಅವನ ಹಿಂದೆ ಹೋದಳು. ಕಬ್ಬಿಣದೊಳಗೆ ಹಳ್ಳವೊಂದು ಇಳಿಯುತ್ತಿರುವ ಸದ್ದು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಎಷ್ಟೋ ಕಟ್ಟಡಗಳಲ್ಲಿ ಎಷ್ಟೋ ಹೆಣ ನೋಡಿದ್ದಳು. ಕಟ್ಟಡವೇ ಉಸಿರಾಡುವುದನ್ನು ಕೇಳಿದ್ದು ಇದೇ ಮೊದಲು.

ಎರಡು ಸಾಲು ಮುಗಿಯಿತು. ಹದಿನಾರು ಕಂಬ, ಹದಿನಾರರಲ್ಲೂ ನೀರು.

ಮೂರನೇ ಸಾಲಿನ ಮೊದಲ ಕಂಬ ಗ್ಯಾಲರಿಗೆ ತಾಗಿದ ಹಾಗೆ ನಿಂತಿತ್ತು. ಮೇಲೆ ರೇಲಿಂಗು ಕಿತ್ತುಹೋಗಿದ್ದ ಜಾಗ ಬಾಯಿ ತೆರೆದುಕೊಂಡಿತ್ತು. ಹದಿನೇಳನೇ ಕಂಬ.

ಅವಳು ನಳಿಗೆ ಇಟ್ಟಳು. ಏನೂ ಇಲ್ಲ. ಇನ್ನೊಂದು ಮಗ್ಗುಲಲ್ಲಿ ಇಟ್ಟಳು. ಗೋಡೆಗೆ ಕಿವಿ ಕೊಟ್ಟ ಹಾಗೆ. ಅಂಗೈ ಇಟ್ಟಳು. ಉಳಿದವೆಲ್ಲ ತಣ್ಣಗೆ ಬೆವರುತ್ತಿದ್ದರೆ ಇದೊಂದು ಬೆಚ್ಚಗೆ, ಒಣಗಿಕೊಂಡಿತ್ತು.

"ಅಪ್ಪ?"

ಅಪ್ಪ ಕಿವಿಯಿಡಲಿಲ್ಲ. "ನೀನೇ ಕೇಳಿದೆಯಲ್ಲ, ಸಾಕು," ಅಂದ.

ಅವಳು ಕಮ್ಮಾರನ ಕಡೆ ತಿರುಗಿದಳು. ಅವನು ಹೇಳಿಸಿಕೊಳ್ಳದೆ ಸುತ್ತಿಗೆ ತೆಗೆದು ಹದಿನಾರನೇ ಕಂಬವನ್ನು ಮೆಲ್ಲಗೆ ತಟ್ಟಿದ. ಗಂಟೆಯ ಹಾಗೆ ಟಣ್ ಅಂದಿತು. ಹದಿನೇಳನೆಯದು ಧಪ್ ಅಂದಿತು.

"ತುಂಬಿಸಿದ್ದಾರೆ," ಅಂದ ಕಮ್ಮಾರ. ಜೇಬಿನಿಂದ ಚೂರುಪಾರು ಆರಿಸುವ ಅಯಸ್ಕಾಂತ ತೆಗೆದು ಕಂಬಕ್ಕೆ ಹಚ್ಚಿದ. ಅದು ಕಚ್ಚಿಕೊಂಡಿತು. ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಬಂದ. ಎದೆಯ ಮಟ್ಟದಲ್ಲಿ ಹಿಡಿತ ತಪ್ಪಿ ಅದು ಅವನ ಕೈಗೆ ಬಂತು. ಪಕ್ಕದಲ್ಲಿ ಹಚ್ಚಿದರೆ ಕಚ್ಚಿತು, ಒಂದು ಬೆರಳು ಈಚೆಗೆ ತಂದರೆ ಮತ್ತೆ ಬಿಟ್ಟಿತು. ಹಾಗೇ ಹಿಡಿಯುತ್ತಾ ಬಿಡುತ್ತಾ ಅವನು ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮೊಳದುದ್ದದ ಅಂಕುಡೊಂಕು ಗೆರೆ.

"ಇಷ್ಟುದ್ದಕ್ಕೂ ಕಬ್ಬಿಣ ಇಲ್ಲ ಮೇಡಂ. ಸೀಳಿದೆ. ಸೀಳಿನಲ್ಲಿ ಬೇರೇನೋ ತುಂಬಿ ಬಣ್ಣ ಹೊಡೆದಿದ್ದಾರೆ."

"ದೊಡ್ಡ ಮೇಸ್ತ್ರಿಯವರನ್ನ ಕರೀರಿ," ಅಂದಳು ಇನ್‌ಸ್ಪೆಕ್ಟರ್.

ದೊಡ್ಡ ಮೇಸ್ತ್ರಿ ಬಂದ. ಈ ಕಟ್ಟಡದ ಕೆಲಸವನ್ನೆಲ್ಲ ಮಾಡಿಸಿದವನು, ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅದರ ಮೇಲೆ ಒಂದು ಸಿಮೆಂಟಿನ ಚುಕ್ಕೆ ಇರುವುದನ್ನು ಯಾರೂ ನೋಡಿರಲಿಲ್ಲ. ಬಿದ್ದಿದ್ದ ಎಂಜಿನಿಯರಮ್ಮನನ್ನು ಮೊದಲು ನೋಡಿ ಆಂಬುಲೆನ್ಸು ಕರೆಸಿದವನೂ ಅವನೇ.

ಬರುವಾಗ ಅವನ ನಡಿಗೆ ಬಿರುಸಾಗಿತ್ತು. ಸೀಮೆಸುಣ್ಣದ ಗೆರೆ ಕಣ್ಣಿಗೆ ಬಿದ್ದದ್ದೇ ನಿಂತುಬಿಟ್ಟ.

"ಈ ಕಂಬಕ್ಕೆ ಏನಾಗಿದೆ ಮೇಸ್ತ್ರಿಗಳೇ?"

"ಏನಾಗಿದೆ? ಏನೂ ಇಲ್ವಲ್ಲ."

"ನೀರು ಇಳೀತಿಲ್ಲ."

"ಕಸ ಕಟ್ಟಿರ್ಬೇಕು. ನೂರು ವರ್ಷದ ಕಂಬ."

"ಕಸ ಕಟ್ಟಿದ್ರೆ ಬುಡದಲ್ಲಿ ಕಟ್ಟುತ್ತೆ. ಈ ಕಂಬ ತಲೆಯಿಂದ ಬುಡದವರೆಗೂ ಗಟ್ಟಿ. ಜೊತೆಗೆ ಒಂದು ಮೊಳ ಸೀಳು. ನೀವು ದಿನಾ ಇಲ್ಲೇ ಓಡಾಡೋರು. ನಿಮ್ಮ ಕಣ್ಣು ತಪ್ಪಿಸಿ ಇಲ್ಲೊಂದು ಇರುವೆ ಗೂಡು ಕಟ್ಟೋಕಾಗಲ್ಲ ಅಂತ ನೀವೇ ಹೇಳಿದ್ರಿ, ಮೊನ್ನೆ. ನಾನು ಬರ್ಕೊಂಡಿದ್ದೀನಿ."

ಮೇಸ್ತ್ರಿ ಕಮ್ಮಾರನನ್ನು ನೋಡಿದ. ಕಮ್ಮಾರ ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡ.

"ಹೇಳಿಬಿಡಿ," ಅಂದಳು ಅವಳು. ದನಿ ಏರಿಸಲಿಲ್ಲ.

ಮೇಲೆ ನೀರು ನಿಂತಿತು. ಕಂಬಗಳು ಒಂದೊಂದಾಗಿ ಸುಮ್ಮನಾದವು. ಮೇಸ್ತ್ರಿ ಹತ್ತಿರದ ಕಲ್ಲುಮೇಜಿಗೆ ಒರಗಿದ. ಬಿಳಿ ಅಂಗಿಯ ಮೊಣಕೈಗೆ ಧೂಳು ಅಂಟಿತು. ಅವನು ಒರೆಸಿಕೊಳ್ಳಲಿಲ್ಲ.

"ಎಂಟು ತಿಂಗಳಾಯ್ತು. ಲಿಫ್ಟಿನ ಕಬ್ಬಿಣದ ಚೌಕಟ್ಟು ಕ್ರೇನಿನಲ್ಲಿ ಇಳಿಸ್ತಿದ್ವಿ. ಕೊನೇ ಗಳಿಗೇಲಿ ತಿರುಗಿಬಿಡ್ತು. ಒಂದೇ ಏಟು, ಅದೂ ಮೆಲ್ಲಗೆ. ಸೀಳು ಕಂಡಿದ್ದು ನನ್ನೊಬ್ಬನಿಗೇ. ಎರಕದ ಕಬ್ಬಿಣ ಮೇಡಂ, ಬಾಗಲ್ಲ, ಸೀಳುತ್ತೆ."

"ಎಂಜಿನಿಯರಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ನಲವತ್ತು ವರ್ಷದಿಂದ ಹಳೇ ಕಟ್ಟಡಗಳ ಕೆಲಸ ಮಾಡ್ತಿದ್ದೀನಿ. ನನ್ನ ಕೈಯಲ್ಲಿ ಒಂದು ಹೆಂಚು ಒಡೆದಿಲ್ಲ. ಅದಕ್ಕೇ ಅವರು ನನ್ನನ್ನ ಹುಡುಕ್ಕೊಂಡು ಬಂದಿದ್ದು." ಅವನು ಮುಂಬಾಗಿಲ ಕಡೆ ಕೈ ತೋರಿಸಿದ. "ಆ ಬಾಗಿಲ ಮೇಲೆ ಕೂರಿಸೋ ಕಲ್ಲು ನೋಡಿದ್ದೀರಲ್ಲ? 'ನಲವತ್ತೆಂಟು ಕಂಬ, ನಲವತ್ತೆಂಟೂ ಮೊದಲಿನವೇ.' ಅವರೇ ಬರೆದ ಸಾಲು. ಏಟು ಬಿದ್ದ ದಿನ ಆ ಕಲ್ಲು ಕೆತ್ತಿ ತಂದಿದ್ರು, ನನಗೆ ತೋರಿಸಿ ಮಗು ಹಾಗೆ ನಕ್ಕರು. ನಲವತ್ತೇಳು ಅಂತ ತಿದ್ದಿಸಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮೇಸ್ತ್ರಿ ಸೀಮೆಸುಣ್ಣದ ಗೆರೆಯನ್ನೇ ನೋಡುತ್ತಾ ಮಾತು ಮುಂದುವರಿಸಿದ.

"ನಾನೊಬ್ಬನೇ ಮಾಡ್ದೆ. ಮೇಲಿನಿಂದ ರಾಡು ಇಳಿಸಿ ಕಾಂಕ್ರೀಟು ತುಂಬಿದೆ. ಸೀಳಿಗೆ ಪುಟ್ಟಿ ಹಚ್ಚಿದೆ. ಭಾರ ಹೊರುತ್ತೆ ಮೇಡಂ, ಮೊದಲಿಗಿಂತ ಜಾಸ್ತೀನೇ ಹೊರುತ್ತೆ. ಆಣೆ ಮಾಡಿ ಹೇಳ್ತೀನಿ."

"ಭಾರ ಹೊರುತ್ತೆ," ಅಂದ ಅಪ್ಪ. "ನೀರು?"

ಮೇಸ್ತ್ರಿ ತಲೆ ತಗ್ಗಿಸಿದ.

"ನೀರಿಗೆ ದಾರಿ ಇಲ್ದಿದ್ರೆ ಅದು ಮೇಲೆ ದೋಣಿಯಲ್ಲೇ ನಿಲ್ಲುತ್ತೆ," ಅಪ್ಪ ಮಗಳಿಗೆ ಹೇಳಿದ. "ಒಂದು ಜೋರು ಮಳೆ ಸಾಕು. ದೋಣಿ ತುಂಬಿ, ಅದರ ಭಾರಕ್ಕೆ ಪಕ್ಕದ ಗಾಜು ಬಿಟ್ಟುಕೊಳ್ಳುತ್ತೆ. ಆ ಗಾಜಿನ ಕೆಳಗೆ ಏನಿದೆ ನೋಡು."

ಕೆಳಗೆ ಮಕ್ಕಳ ವಿಭಾಗ. ಹಳದಿ, ನೀಲಿ ಬಣ್ಣದ ಪುಟ್ಟ ಕುರ್ಚಿಗಳು ಸುತ್ತಲೂ ಜೋಡಿಸಿಟ್ಟಿದ್ದವು. ಉದ್ಘಾಟನೆಯ ದಿನ ಇನ್ನೂರು ಮಕ್ಕಳನ್ನು ಕರೆದಿದ್ದರು.

ಇನ್‌ಸ್ಪೆಕ್ಟರ್ ಮೇಸ್ತ್ರಿಯ ಎದುರಿಗೆ ಬಂದು ನಿಂತಳು.

"ಎಂಜಿನಿಯರಮ್ಮನಿಗೆ ಅನುಮಾನ ಬಂತು. ಆವತ್ತು ಸಣ್ಣಗೆ ಮಳೆ ಹನೀತಿತ್ತು, ಬೆಳಿಗ್ಗೆ ಯಾರೂ ಬರೋ ಮುಂಚೆ ಕಂಬದ ಎದೆ ಪರೀಕ್ಷೆ ಮಾಡೋಕೆ ಬಂದ್ರು. ನೀರು ಎಲ್ಲಿ ಕಟ್ಟಿದೆ ಅಂತ ತಿಳಿಯೋಕೆ ಮೇಲೆ ಗ್ಯಾಲರಿಯಿಂದಲೂ ಬಗ್ಗಿ ಈ ಕಂಬಕ್ಕೆ ನಳಿಗೆ ಇಡಬೇಕಂದ್ರೆ ರೇಲಿಂಗಿಗೆ ಒರಗಲೇಬೇಕು. ಇಡೀ ಗ್ಯಾಲರಿಯಲ್ಲಿ ಸಾವಿರದ ಇನ್ನೂರು ರಿವೆಟ್ಟು. ಕುಯ್ದಿರೋದು ನಾಲ್ಕು. ಆ ನಾಲ್ಕೂ ಇಲ್ಲೇ. ಗುಟ್ಟು ಯಾರದ್ದು? ನಿಮ್ಮದು. ಪುಟ್ಟಿ ಹಚ್ಚಿ ಬಣ್ಣ ಬಳಿಯೋ ಕೈಚಳಕ ಯಾರದ್ದು? ಅದೂ ನಿಮ್ಮದೇ."

ಮೇಸ್ತ್ರಿ ನೆಟ್ಟಗೆ ನಿಂತ. ಇಷ್ಟು ಹೊತ್ತು ಕುಸಿದಿದ್ದ ಮನುಷ್ಯನ ಮುಖಕ್ಕೆ ರಕ್ತ ನುಗ್ಗಿತು.

"ಕಂಬ ಒಡೆದಿದ್ದು ನಾನು. ಮುಚ್ಚಿಟ್ಟಿದ್ದು ನಾನು. ಅದಕ್ಕೆ ಏನು ಶಿಕ್ಷೆಯೋ ಕೊಡಿಸಿ, ತಲೆ ಬಗ್ಗಿಸ್ತೀನಿ. ಆದ್ರೆ ನನ್ನ ಕಟ್ಟಡದ ರೇಲಿಂಗು ನಾನು ಕುಯ್ಯಲ್ಲ. ಆ ತಾಯಿನ ಬೀಳಿಸೋಕೆ ಅಲ್ಲ, ನನ್ನ ಪ್ರಾಣ ಉಳಿಸಿಕೊಳ್ಳೋಕೂ ಕುಯ್ಯಲ್ಲ."

"ಮಾತು ಚೆನ್ನಾಗಿದೆ. ಸಾಕ್ಷಿ?"

"ಸಾಕ್ಷಿ ಬೇಕಾ? ನನ್ನ ಶೆಡ್ಡಿನಲ್ಲಿ ಆರು ಕಟ್ಟಿಂಗ್ ಮೆಷಿನ್ ಇದೆ. ಹಗಲು ಹೊತ್ತಿನಲ್ಲಿ ನಾನು ಇಲ್ಲಿ ಮೆಷಿನ್ ಹಿಡಿದು ಏನು ಕುಯ್ದರೂ ಯಾಕೆ ಅಂತ ಕೇಳೋರಿಲ್ಲ. ಎರಡು ನಿಮಿಷದ ಕೆಲಸಕ್ಕೆ ಗಂಟೆಗಟ್ಟಲೆ ಕೈಗರಗಸ ಯಾಕೆ ಆಡಿಸ್ಲಿ? ಕೈಗರಗಸ ಹಿಡಿಯೋನು ಮೆಷಿನ್ ಇಲ್ದೋನು."

ಅದು ಸರಿಯಾದ ಮಾತು. ಅವಳಿಗೂ ಬೆಳಿಗ್ಗೆಯಿಂದ ಅದೇ ಚುಚ್ಚುತ್ತಿತ್ತು.

"ಹಾಗಾದ್ರೆ ಯಾರ ಕೈಯಲ್ಲಿ ಗರಗಸ ನೋಡಿದ್ರಿ?"

ಅವಳು ಸುಮ್ಮನೆ ಎಸೆದ ಪ್ರಶ್ನೆ. ಆದರೆ ಮೇಸ್ತ್ರಿಯ ಮುಖ ಬದಲಾಯಿತು. ಹೇಳಲೋ ಬೇಡವೋ ಅಂತ ತುಟಿ ಎರಡು ಸಲ ಅಲುಗಿತು.

"ಹೇಳ್ಬಾರ್ದು ಅಂತಿದ್ದೆ."

"ಈಗ ಹೇಳ್ತೀರಿ."

"ಅವರು ಬೀಳೋಕೆ ಮುಂಚಿನ ಸಂಜೆ. ಕೆಲಸದವರೆಲ್ಲ ಹೊರಟಿದ್ರು, ಇನ್ನೂ ಬೆಳಕಿತ್ತು. ನಾನು ಶೆಡ್ಡಿಗೆ ಬೀಗ ಹಾಕ್ತಿದ್ದೆ. ಹಿಂದುಗಡೆ ಹಮಾಲಿ ಬಾಗಿಲಿದೆಯಲ್ಲ, ಅದರಿಂದ ಒಬ್ಬರು ಆಚೆ ಬಂದ್ರು. ಆ ಬಾಗಿಲ ಚಿಲಕ ಹೊರಗಿನಿಂದ ತೆಗೆಯೋದು ಹಳಬರಿಗೆ ಮಾತ್ರ ಗೊತ್ತು. ಕಂಕುಳಲ್ಲಿ ಬಟ್ಟೆ ಸುತ್ತಿದ ಗರಗಸ. ಅಂಗಿ ಬೆವರಲ್ಲಿ ತೊಯ್ದುಹೋಗಿತ್ತು." ಅವನು ದನಿ ತಗ್ಗಿಸಿದ. "ಗೌರವದ ಮನುಷ್ಯ. ಏನೋ ಸ್ವಂತ ಕೆಲಸ ಇರಬಹುದು ಅಂತ ಸುಮ್ಮನಾದೆ. ಮಾರನೇ ದಿನ ಹಾಗಾಯ್ತು. ಹೇಳಿದ್ರೆ ನೀವು ನಂಬಲ್ಲ. ನಂಬಿದ್ರೆ ಇನ್ನೂ ಕಷ್ಟ."

"ಯಾರು?"

ಮೇಸ್ತ್ರಿ ಬಾಯಲ್ಲಿ ಹೇಳಲಿಲ್ಲ. ಅವಳ ಹೆಗಲಾಚೆ ನೋಡಿದ.

ಅವಳು ತಿರುಗಿದಳು.

ಅಪ್ಪ ಹದಿನಾರನೇ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಮೂಟೆ ಇಳಿಸಿ ದಣಿದವನ ಹಾಗೆ. ಅವನು ಕಣ್ಣು ತಪ್ಪಿಸಲಿಲ್ಲ.

"ಅಪ್ಪ, ಇವರು ಹೇಳಿದ್ದು ಸುಳ್ಳು ಅನ್ನು."

"ಸುಳ್ಳು ಹೇಳೋಕೆ ನಿನಗೆ ಕಲಿಸಿಲ್ಲ. ನಾನು ಹೇಗೆ ಹೇಳ್ಲಿ?"

ಕಮ್ಮಾರ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮೇಲೆ ಗಾಜಿನ ಮೇಲಿಂದ ಉಳಿದ ಹನಿಗಳು ತೊಟ್ಟಿಕ್ಕುತ್ತಿದ್ದವು.

ಮೂವತ್ತೈದು ವರ್ಷ ಈ ಮನುಷ್ಯ ಬೆನ್ನ ಮೇಲೆ ಊರಿನ ಊಟ ಹೊತ್ತಿದ್ದ. ಆ ಬೆನ್ನಿನ ಬೆವರಿನಲ್ಲೇ ಅವಳು ಓದಿದ್ದು, ಈ ನಕ್ಷತ್ರಗಳು ಹೆಗಲೇರಿದ್ದು. ಈಗ ಅವಳು ಒಂದು ಮಾತು ಆಡಿದರೆ ಸಾಕಿತ್ತು. 'ನೀನು ಮನೆಗೆ ನಡಿ, ಆಮೇಲೆ ಮಾತಾಡೋಣ.' ಕಮ್ಮಾರನಾಗಲಿ ಮೇಸ್ತ್ರಿಯಾಗಲಿ ಉಸಿರೆತ್ತುತ್ತಿರಲಿಲ್ಲ. ಇಬ್ಬರ ಮಾನವೂ ಇವತ್ತು ಅವಳ ಕೈಯಲ್ಲಿತ್ತು.

ಅವಳು ನೋಟುಬುಕ್ಕು ತೆಗೆದಳು. ಪೆನ್ನಿನ ಮುಚ್ಚಳ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಮ್ಮ ಹೆಸರು ಹೇಳಿ," ಅಂದಳು.

ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ನೀನು ಅಂತಲೇ ಕರೆದವಳು. ನೀವು ಅಂದಿದ್ದು ಇದೇ ಮೊದಲು.

ಅಪ್ಪ ಕಂಬದಿಂದ ಬೆನ್ನು ತೆಗೆದ. ಅಂಗಿಯ ಕೊರಳ ಗುಂಡಿ ಹಾಕಿಕೊಂಡ. ಅವಳು ಮೊದಲ ಸಲ ಸಮವಸ್ತ್ರ ತೊಟ್ಟು ಮನೆ ಬಾಗಿಲಲ್ಲಿ ನಿಂತ ದಿನ ಅವನ ಮುಖ ಹೇಗಾಗಿತ್ತೋ ಈಗಲೂ ಹಾಗೇ ಆಗಿತ್ತು. ಹೆದರಿಕೆಯ ನೆರಳೂ ಇರಲಿಲ್ಲ.

"ಹಾಗೆ ಕೇಳು," ಅಂದ. "ಹಾಗೇ ಕೇಳ್ಬೇಕು."

ಹೆಸರು ಹೇಳಿದ. ತಂದೆಯ ಹೆಸರು, ವಯಸ್ಸು, ಮನೆ ವಿಳಾಸ ಹೇಳಿದ. ಕೇಳದಿದ್ದರೂ ತನ್ನ ಹಮಾಲಿ ಬಿಲ್ಲೆಯ ಸಂಖ್ಯೆಯನ್ನೂ ಹೇಳಿದ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು.

"ಆ ಸಂಜೆ ಇಲ್ಲಿ ಏನು ಮಾಡಿದ್ರಿ?"

"ನಾಲ್ಕು ರಿವೆಟ್ಟು ಕುಯ್ದೆ."

ಪೆನ್ನು ನಿಂತಿತು. ಮತ್ತೆ ನಡೆಯಿತು.

"ಯಾಕೆ?"

"ಅದನ್ನ ಹೇಳಲ್ಲ. ಒಬ್ಬರಿಗೆ ಮಾತು ಕೊಟ್ಟಿದ್ದೀನಿ. ಅವರು ಆಸ್ಪತ್ರೇಲಿ ಕಣ್ಣು ಬಿಡೋವರೆಗೂ ನೀನು ಏನು ಮಾಡಿದ್ರೂ ನನ್ನ ಬಾಯಿಂದ ಅದು ಬರಲ್ಲ."

"ನೀವು ಕುಯ್ದ ರೇಲಿಂಗಿಗೆ ಒರಗಿಯೇ ಅವರು ಬಿದ್ದಿದ್ದು."

"ಅದೇ ಐದು ದಿನದಿಂದ ನನ್ನ ನಿದ್ದೆ ಕೆಡಿಸಿರೋದು." ಅಪ್ಪ ತಲೆಯೆತ್ತಿ ಮೇಲಿನ ಖಾಲಿ ಜಾಗವನ್ನು ತೋರಿಸಿದ. "ಕುಯ್ದು, ರೇಲಿಂಗನ್ನ ಪೂರಾ ಎತ್ತಿ ಆ ಗೋಡೆಗೆ ಒರಗಿಸಿದ್ದೆ. ಈ ಕಂಬದಿಂದ ಆ ಕಂಬಕ್ಕೆ ಹಗ್ಗ ಬಿಗಿದು, ಯಾರೂ ಹತ್ತಿರ ಬರದ ಹಾಗೆ ಕೆಂಪು ಬಟ್ಟೆ ಕಟ್ಟಿ ಹೋಗಿದ್ದೆ. ಬರ್ಕೋ ಮಗಳೇ, ಸರಿಯಾಗಿ ಬರ್ಕೋ. ಕುಯ್ದಿದ್ದು ನಾನು. ಅದನ್ನ ಮತ್ತೆ ತಂದು ನಿಲ್ಲಿಸಿ, ಅಂಟಿಸಿದ್ದು ನಾನಲ್ಲ."